ಪಹಣಿ ಇಲ್ಲದ ಜಮೀನ್ದಾರ

ಹೊಸಪೇಟೆಯ ಅಂಚಿನಲ್ಲಿ ಒಂದು ಲೇಔಟ್. ಹಿಂದೆ ಕಬ್ಬಿನ ಗದ್ದೆ, ಈಗ ಎನ್.ಎ. ಆದ ಪ್ಲಾಟುಗಳು. ನಕ್ಷೆಯ ಮೂಲೆಯೊಂದಕ್ಕೆ ಹಸಿರು ಬಣ್ಣ ಹಚ್ಚಿ ‘ಉದ್ಯಾನಕ್ಕೆ ಮೀಸಲು’ ಎಂದು ಬರೆದಿದ್ದಾರೆ. ಹೋಗಿ ನೋಡಿದರೆ ನೆಲದ ಮೇಲೂ ಹಸಿರೇ ಇದೆ, ನಕ್ಷೆ ಸುಳ್ಳು ಹೇಳಿಲ್ಲ. ಆ ಹಸಿರಿನ ಹೆಸರು ಬಳ್ಳಾರಿ ಜಾಲಿ. ಈಗ ಬಡಾವಣೆಯ ಕೆಲವರು ಸೇರಿ, ಜಾಲಿ ಕಿತ್ತು ಅಲ್ಲಿ ಸಮುದಾಯ ತೋಟ ಮಾಡುತ್ತೇವೆ, ಮನೆಗೊಂದು ಮಡಿ ಹಂಚಿ ಸೊಪ್ಪು, ಬದನೆ, ಟೊಮೆಟೊ ಬೆಳೆಯುತ್ತೇವೆ ಎಂದು ಹೊರಟಿದ್ದಾರೆ. ಸಂಘದ ಅಧ್ಯಕ್ಷರ ಹೇಳಿಕೆ ಬಂದಿದೆ, ಕಾರ್ಯದರ್ಶಿಗಳದು ಬಂದಿದೆ, ವಿರೋಧಿಸುವವರದೂ ಬಂದಿದೆ. ಇಪ್ಪತ್ತು ವರ್ಷದಿಂದ ಆ ಜಾಗದಲ್ಲೇ ಇರುವವರನ್ನು ಮಾತ್ರ ಯಾರೂ ಕೇಳಿಲ್ಲ. (ಲೇಔಟಿನ ಹೆಸರು ಬೇಡ. ಕಂಪ್ಲಿಯಲ್ಲೋ ಸಂಡೂರಲ್ಲೋ ಇದೆ ಎಂದುಕೊಂಡು ಓದಿದರೂ ಒಂದಕ್ಷರ ತಿದ್ದಬೇಕಾಗಿಲ್ಲ.)

ಮನೆಮಠ ಬಿಟ್ಟು ಬಯಲಲ್ಲಿ ಕೂತವರನ್ನು ‘ತಾತ’ ಎನ್ನುವುದು ನಮ್ಮ ಕಡೆಯ ರೂಢಿ. ಚೆಳ್ಳಗುರ್ಕಿಯ ಎರ್ರಿತಾತನನ್ನು ನೆನೆದು ನಾನೂ ಹಾಗೇ ಕರೆದೆ.

ಪ್ರ: ನಮಸ್ಕಾರ ತಾತ. ನಾನು ಎಮ್ಮಿಗನೂರಿನವನು. ನಿಮ್ಮದೊಂದು ಸಂದರ್ಶನ ಬೇಕಿತ್ತು.

ಜಾಲಿ: ಬಾ ತಮ್ಮಾ. ಕಾಲು ನೋಡ್ಕೊಂಡು ಇಡು, ಹವಾಯಿ ಚಪ್ಪಲಿ ನನ್ನ ಮುಂದೆ ನಡೆಯಂಗಿಲ್ಲ. ಎಮ್ಮಿಗನೂರಾ? ಕಾಲುವೆ ದಂಡೆ ತುಂಬ ನಮ್ಮ ಬೀಗರೇ ಅದಾರೆ. ಭತ್ತ ಕೊಯ್ದ ಮ್ಯಾಲೆ ನಿಮ್ಮೂರ ಆಡು ಮೇಯೋಕೆ ಬರ್ತಾವಲ್ಲ, ಅವು ನಮ್ಮ ಸಂಬಂಧ ಕುದುರ್ಸೋ ದಲ್ಲಾಳಿಗಳು.

ಪ್ರ: ನೇರವಾಗಿ ಕೇಳುತ್ತೇನೆ. ಸಾರ್ವಜನಿಕ ಜಾಗವನ್ನು ನೀವು ಒತ್ತುವರಿ ಮಾಡಿದ್ದೀರಿ ಎಂಬ ದೂರು ಇದೆ.

ಜಾಲಿ: ಒತ್ತುವರಿ ಅಂದ್ರೆ ಇನ್ನೊಬ್ರು ಇದ್ದ ಜಾಗಕ್ಕೆ ಒತ್ಕೊಂಡು ಹೋಗೋದು. ಇಲ್ಲಿ ಯಾರಿದ್ರು? ಕಬ್ಬು ಕಡಿದ್ರು, ಟ್ರ್ಯಾಕ್ಟರ್ ಹೊಡೆದು ಸಮ ಮಾಡಿದ್ರು, ಕಲ್ಲು ನೆಟ್ರು, ರೇಟು ಕಟ್ಟಿದ್ರು, ಹೋದ್ರು. ಈ ಮೂಲೆಗೆ ಮಾತ್ರ ರೇಟು ಇರ್ಲಿಲ್ಲ, ಯಾಕಂದ್ರೆ ಇದು ಉದ್ಯಾನ. ರೇಟು ಇಲ್ದಿದ್ದಕ್ಕೆ ಕಾವಲೂ ಇರ್ಲಿಲ್ಲ. ‘ಅತಿಕ್ರಮಿಸಿದವರನ್ನು ಶಿಕ್ಷಿಸಲಾಗುವುದು’ ಅಂತ ಒಂದು ಬೋರ್ಡು ಇತ್ತು. ಒಂದು ಆಡು ಬಂತು. ಓದು ಬರಲ್ಲ ಅದಕ್ಕೆ. ಬೋರ್ಡಿನ ನೆಳ್ಳಾಗೆ ನಿಂತು ಹಿಕ್ಕೆ ಹಾಕಿ ಹೋಯ್ತು. ಹಿಂದಿನ ದಿನ ಸ್ಟೇಷನ್ ರಸ್ತೆ ಕಡೆ ಎಲ್ಲೋ ನಮ್ಮ ಕಾಯಿ ತಿಂದಿತ್ತು. ಸಿಪ್ಪೆಯ ಸಿಹಿ ಅದಕ್ಕೆ, ಒಳಗಿನ ಬೀಜ ನಂಗೆ. ಹೊಟ್ಟೆ ಒಳಗೆ ಹೋಗಿ ಬಂದ್ರೆ ಸಿಪ್ಪೆ ಮೆತ್ತಗಾಗಿ ಇನ್ನೂ ಬೇಗ ಮೊಳೀತೀವಿ. ಹದವಾಗಿ ಗೊಬ್ಬರದ ಉಂಡೆ ಸಮೇತ ಬಿತ್ತನೆ ಆಯ್ತು. ಈಗ ಶಾಲೆ ಮಕ್ಕಳ ಕೈಲಿ ಬೀಜದುಂಡೆ ಮಾಡ್ಸಿ ಗುಡ್ಡಕ್ಕೆ ಎಸೀತಾರಲ್ಲ, ಆ ತಾಂತ್ರಿಕತೆ ಆಡಿನದು. ಪೇಟೆಂಟ್ ತಗೊಂಡಿಲ್ಲ ಪಾಪ.

ಪ್ರ: ಆದರೂ ನೀವು ಹೊರಗಿನವರು ಎಂಬುದನ್ನು ಒಪ್ಪುತ್ತೀರಾ?

ಜಾಲಿ: ಒಪ್ತೀನಿ. ನಾ ಆಗಿ ಬರ್ಲಿಲ್ಲ, ಕರೆಸ್ಕೊಂಡ್ರು. ನಮ್ಮ ಮೂಲ ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆ. ಮದ್ರಾಸ್ ಪ್ರಾಂತ್ಯದಾಗೆ ಬೆಡ್ಡೋಮ್ ಅಂತ ಅರಣ್ಯದ ದೊಡ್ಡ ಸಾಹೇಬ ಇದ್ದ. ಅವನ ಶಿಫಾರಸಿನ ಮ್ಯಾಲೆ ಜಮೈಕಾದಿಂದ ಬೀಜ ತರ್ಸಿ 1877ರ ಸುಮಾರಿಗೆ ಕಡಪ ಜಿಲ್ಲೆಯಾಗೆ ಹಾಕಿದ್ರು. ಇಸವಿ ಗಮನಿಸು. ಧಾತು–ಈಶ್ವರ ಸಂವತ್ಸರದ ಬರ, 1876ರಿಂದ 78. ಬಳ್ಳಾರಿ ಆಗ ಅದೇ ಪ್ರಾಂತ್ಯದ್ದು, ಬರ ಬಡಿದಿದ್ದು ಇದೇ ಸೀಮೆಗೆ ಜೋರು. ಜನ ಗಂಜಿಗೆ ಸಾಲು ನಿಂತಿದ್ದಾಗ ಸರ್ಕಾರ ನನ್ನ ಬೀಜ ತರ್ಸಿ ಬಿತ್ತಿತು. ಸೌದೆಗೆ ಆಗ್ತೈತೆ, ಬೋಳುಗುಡ್ಡ ಹಸಿರಾಗ್ತೈತೆ ಅಂದ್ರು. ಆದೆ. ನನ್ನ ಒಲೆಗೆ ಹಾಕಿ ಎಷ್ಟು ಮನೆ ರೊಟ್ಟಿ ಬೆಂದಾವೆ, ಲೆಕ್ಕ ಐತೇನು? ಸಿಲಿಂಡರ್ ಬಂದ ಮ್ಯಾಲೆ ನಾ ‘ಕಳೆ’ ಆದೆ.

ಪ್ರ: ಬಳ್ಳಾರಿ ಎಂಬ ಹೆಸರು ಹೇಗೆ ಅಂಟಿಕೊಂಡಿತು?

ಜಾಲಿ: ಅದು ಬಿಡು, ಈಗಿನ ತೊಂದರೆ ಕೇಳು. ಬಳ್ಳಾರಿ ಅನ್ನೋದು ನನ್ನ ಅಡ್ಡಹೆಸರು. 2021ರಾಗೆ ಜಿಲ್ಲೆ ಪಾಲಾಯ್ತು. ಹೊಸಪೇಟೆ, ಹಂಪಿ ವಿಜಯನಗರಕ್ಕೆ ಹೋದ್ವು. ಕಂಪ್ಲಿ, ಸಂಡೂರು, ನಿಮ್ಮ ಎಮ್ಮಿಗನೂರು ಬಳ್ಳಾರಿಯಾಗೇ ಉಳಿದ್ವು. ನಾ ನಿಂತಿರೋದು ವಿಜಯನಗರ ಜಿಲ್ಲೆ, ಹೆಸರು ಬಳ್ಳಾರಿ. ನಾಳೆ ವಾಸಸ್ಥಳ ದೃಢೀಕರಣಕ್ಕೆ ಅರ್ಜಿ ಹಾಕಿದ್ರೆ ನಾಡಕಚೇರಿಯಾಗೆ ಏನಂತಾರೆ? ಅದು ಸಾಲದು ಅಂತ 2022ರಾಗೆ ವಿಜ್ಞಾನಿಗಳೂ ಪಾಲು ಮಾಡಿದ್ರು. ಬನ್ನಿ ಮರ ಗೊತ್ತಲ್ಲ, ಅವನೂ ನಾನೂ ಪ್ರೊಸೋಪಿಸ್ ಅನ್ನೋ ಒಂದೇ ಕುಲ, ನಮ್ಮ ದೊಡ್ಡಪ್ಪನ ಮಗ. ಈಗ ನನ್ನ ತೆಗೆದು ನೆಲ್ಟುಮ ಅನ್ನೋ ಬೇರೆ ಮನೆಗೆ ಹಾಕ್ಯಾರೆ. ಹಳೇ ಮನೆ, ಹಳೇ ಹೆಸರು, ದೇವ್ರ ಮನೆ ಎಲ್ಲ ಅವನಿಗೆ ಉಳೀತು. ದಸರೆಗೆ ಅವನ ಎಲೆ ‘ಬಂಗಾರ’ ಅಂತ ಕೈಗಿಟ್ಟು ಕಾಲು ಮುಗೀತಾರೆ, ನನ್ನ ಕಂಡ್ರೆ ಜೆಸಿಬಿಗೆ ಫೋನು ಮಾಡ್ತಾರೆ. ಅಣ್ಣತಮ್ಮಂದಿರ ಪಾಲು ಯಾವತ್ತು ಸರಿಯಾಗೈತೆ ಹೇಳು.

ಪ್ರ: ನಿಮ್ಮ ಮೇಲೆ ದೇಶವಿದೇಶಗಳಲ್ಲಿ ಕೇಸುಗಳೂ ಇವೆಯಂತೆ.

ಜಾಲಿ: ಇದಾವೆ. ದೊಡ್ಡೋರಿಗೆ ಇರ್ತಾವೆ. ಕೀನ್ಯಾದ ಬರಿಂಗೊ ಸೀಮೆಯ ಜನ ನನ್ನ ಕಾಯಿ ತಿಂದು ಹಲ್ಲು ಉದುರಿದ ಆಡೊಂದನ್ನ ಕೋರ್ಟಿಗೇ ಹಿಡ್ಕೊಂಡು ಹೋದ್ರು, ಸಾಕ್ಷಿ ಅಂತ. ತಮಿಳುನಾಡಿನಾಗೆ ಹೈಕೋರ್ಟಿನ ಮದುರೆ ಪೀಠ ನನ್ನ ಬೇರು ಸಮೇತ ತೆಗೀರಿ ಅಂದಿತು. 2017ರಾಗೆ ಅರಿಯಲೂರಿನ ನ್ಯಾಯಾಲಯದಾಗೆ ಜಾಮೀನು ಬೇಕಂದ್ರೆ ನೂರು ಜಾಲಿ ಕಿತ್ತು ಬಾ ಅಂತ ಷರತ್ತು ಹಾಕಿದ್ರು. ಕಳ್ಳತನ ಮಾಡಿದವ್ನು ಹೊರಗೆ, ನಾ ಒಳಗೆ! ಆದ್ರೆ ಇದೂ ಬರಿ: 1940ರಾಗೆ ಜೋಧಪುರದ ಮಹಾರಾಜರು ನನ್ನ ರಾಜವೃಕ್ಷ ಅಂದು ಕಡಿಯೋರಿಗೆ ತಡೆ ಹಾಕಿದ್ರು. ಗುಜರಾತಿನ ಬನ್ನಿ ಹುಲ್ಲುಗಾವಲಿಗೆ 1960ರ ಹೊತ್ತಿಗೆ ಅರಣ್ಯ ಇಲಾಖೆಯೋರೇ ತಂದು ನೆಟ್ರು. ಸನ್ಮಾನ ಮಾಡಿದೋರ ಮೊಮ್ಮಕ್ಕಳೇ ಈಗ ಕೇಸು ಹಾಕೋದು. ರಾಜಕೀಯದಾಗೆ ಇರೋರಿಗೆ ಇದು ಹೊಸದಲ್ಲ.

(ಹುಲ್ಲುಗಾವಲಿನ ಗತಿ ಏನಾಯಿತು ಎಂದು ಕೇಳಿದೆ. ಹುಲ್ಲು ಕಡಿಮೆಯಾಯಿತು ಎಂದು ಒಪ್ಪಿಕೊಂಡರು, ದನಿ ಮಾತ್ರ ತಗ್ಗಲಿಲ್ಲ.)

ಪ್ರ: ಸಮುದಾಯ ತೋಟದ ವಿಷಯಕ್ಕೆ ಬರೋಣ. ನಿಮ್ಮನ್ನು ಎಬ್ಬಿಸಿ ಇಲ್ಲಿ ಸೊಪ್ಪು ಬೆಳೆಯುತ್ತೇವೆ ಎನ್ನುತ್ತಾರೆ.

ಜಾಲಿ: ಬೆಳೀಲಿ. ಹಿಂದೊಮ್ಮೆ ಆರಂಭ ಆಗಿತ್ತು, ನಾ ಕಣ್ಣಾರೆ ಕಂಡೀನಿ. ಜೂನ್ 5, ಪರಿಸರ ದಿನ. ಹಿಂದಿನ ಸಂಜೆ ಜೆಸಿಬಿ ಬಂದು ನನ್ನ ಮ್ಯಾಲ್ಮ್ಯಾಲೆ ಕೆರೀತು. ಶಾಮಿಯಾನ, ಫ್ಲೆಕ್ಸು, ಮೈಕು. ಮಂಡಕ್ಕಿ ಒಗ್ಗರಣೆ, ಮಿರ್ಚಿ ಕಟ್ಟಿಸಿ ತಂದ್ರು. ಗುಂಡಿ ಮುಂಚೇನೇ ತೋಡಿತ್ತು, ಸಸಿ ಇಟ್ಟಿತ್ತು, ಮಣ್ಣೂ ಅರ್ಧ ಹಾಕಿತ್ತು. ಗಣ್ಯರು ಹಾರೆ ಮುಟ್ಟಿದ್ರು. ಒಂದು ಸಸಿಗೆ ಹನ್ನೊಂದು ಕೈ. ನೀರಿನ ತಂಬಿಗೆ ಬಗ್ಗಿಸಿ ಕ್ಯಾಮೆರಾ ಕಡೆ ನೋಡಿದ್ರು, ನೀರು ಒಬ್ಬರ ಶೂಗೆ ಬಿತ್ತು. ಹೋದ ಮ್ಯಾಲೆ ಫ್ಲೆಕ್ಸನ್ನ ಒಬ್ಬ ಗುಡಿಸಲಿಗೆ ಸೂರು ಮಾಡಿಕೊಳ್ಳೋಕೆ ಬಿಚ್ಚಿಕೊಂಡು ಹೋದ. ಆ ಕಾರ್ಯಕ್ರಮದಾಗೆ ನಿಜವಾಗಿ ಉಪಯೋಗಕ್ಕೆ ಬಂದಿದ್ದು ಅದೊಂದೇ. ಜುಲೈ ಹೊತ್ತಿಗೆ ಸಸಿ ಕಡ್ಡಿ ಆಗಿತ್ತು. ನಾನು ಮೊಣಕಾಲು ಎತ್ತರ ಬಂದಿದ್ದೆ. ಮುಂದಿನ ವರ್ಷ ಅದೇ ಗುಂಡಿ, ಹೊಸ ಸಸಿ. ಗುಂಡಿ ತೋಡೋ ಖರ್ಚು ಉಳೀತು.

ಪ್ರ: ಆದರೆ ಜೆಸಿಬಿ ನಿಮ್ಮನ್ನು ತೆಗೆದಿತ್ತಲ್ಲ?

ಜಾಲಿ: ಕ್ಷೌರ ಮಾಡಿತ್ತು. ತಲೆ ಬೋಳಿಸಿದ್ರೆ ಮನುಷ್ಯ ಸಾಯ್ತಾನೇನು? ಬುಡದಿಂದ ಒಂದಡಿ ಕೆಳಗೆ ಬೇರು ಕಡೀಬೇಕು, ಅಲ್ಲಿ ತನಕ ನಂಗೆ ಚಿಗುರೋ ಕಣ್ಣು ಇರ್ತಾವೆ. ಜೆಸಿಬಿಯೋನಿಗೆ ಗಂಟೆ ಲೆಕ್ಕದ ಬಾಡಿಗೆ, ಅವ್ನು ಯಾಕೆ ಅಷ್ಟು ಕೆಳಗೆ ಇಳೀತಾನೆ? ನೋಡೋರಿಗೆ ಬರಿ ಮಣ್ಣು ಕಂಡ್ರೆ ಸಾಕು, ಬಿಲ್ ಪಾಸು. ಒಂದು ಕೊಂಬೆ ಇದ್ದಲ್ಲಿ ಆರು ಬರ್ತಾವೆ ನಂಗೆ. ಅಮೆರಿಕದ ಅರಿಜೋನಾದಾಗೆ ಗಣಿ ಅಗೀತಿರೋವಾಗ ನಮ್ಮ ವಂಶದೋರ ಬೇರು 53 ಮೀಟರ್ ಆಳದಾಗೆ ಸಿಕ್ಕಿತ್ತು. ಇಲ್ಲಿ ಬೋರ್‌ವೆಲ್‌ನೋರೂ ನಂಗೆ ಮರ್ಯಾದೆ ಕೊಡ್ತಾರೆ.

ಪ್ರ: ಈ ಮಣ್ಣಿನಲ್ಲಿ ತರಕಾರಿ ಬರುತ್ತದೆಯೇ?

ಜಾಲಿ: ಸನಿಕೆ ತಂದೀಯಾ? ಅಲ್ಲಿ ಅಗಿ ನೋಡು.

(ಅಗೆದೆ. ಮೊದಲ ಏಟಿಗೆ ಟೈಲ್ಸ್ ಚೂರು. ಎರಡನೆಯದಕ್ಕೆ ಸಿಮೆಂಟ್ ಚೀಲದ ನೂಲು, ಸುತ್ತಿಕೊಂಡು ಸನಿಕೆಯನ್ನೇ ಹಿಡಿದೆಳೆಯಿತು. ಆಮೇಲೆ ಬಿಳಿ ಹಿಟ್ಟಿನಂಥ ಪದರ: ಗ್ರಾನೈಟ್ ಕೊಯ್ಯುವ ಅಂಗಡಿಯ ದೂಳು ಇರಬೇಕು. ಅದರ ಕೆಳಗೆ ಕ್ವಾರ್ಟರ್ ಬಾಟಲಿ, ಮುಚ್ಚಳ ಭದ್ರ. ಇನ್ನೂ ಒಂದು ಗೇಣು ಹೋದಮೇಲೆ ಮಣ್ಣಿನ ಬಣ್ಣ ತಿರುಗಿತು. ಕಪ್ಪು, ಜಿಗಟು, ಕೈಯಲ್ಲಿ ಹಿಸುಕಿದರೆ ಉಂಡೆ ಕಟ್ಟುವ ಗದ್ದೆ ಮಣ್ಣು. ಅದರಲ್ಲಿ ಕಬ್ಬಿನ ಕೂಳೆಯ ಒಂದು ಗಿಣ್ಣು ಕೊಳೆಯದೆ ಇನ್ನೂ ಇತ್ತು.)

ಜಾಲಿ: ಸಿಕ್ತಾ? ಒಂದೂವರೆ ಅಡಿ ಕೆಳಗೆ ಬಂಗಾರದಂಥ ಮಣ್ಣು. ಮ್ಯಾಲಿನದು ನೀವು ಹಾಕಿದ ಹೊದಿಕೆ. ತೋಟ ಮಾಡೋರು ಮೊದಲ ವರ್ಷ ಸೊಪ್ಪು ಬೆಳೆಯಂಗಿಲ್ಲ, ಕಸ ಆರಿಸ್ಬೇಕು. ಎರಡು ಮಳೆಗಾಲ ಗೊಬ್ಬರ, ಎಲೆ, ಸಗಣಿ ಹಾಕಿ ಮಣ್ಣು ಮಾಡ್ಬೇಕು. ಅಂದ್ರೆ ಮೂರನೇ ವರ್ಷ ಫಲ. ಈ ಜಾಗ ಮೂರನೇ ವರ್ಷ ಅವರ ಕೈಯಾಗೆ ಇರ್ತೈತೆ ಅಂತ ಬರ್ಕೊಡೋರು ಯಾರು? ಯಾರೂ ಇಲ್ಲ. ಅದಕ್ಕೇ ಎಲ್ಲರೂ ಫೋಟೊ ಬೆಳೆ ಬೆಳೀತಾರೆ. ಅದು ಒಂದೇ ದಿನಕ್ಕೆ ಕಟಾವಿಗೆ ಬರ್ತೈತೆ.

ಪ್ರ: ನೀರಿನ ಕೊರತೆ ಎಂದು ಸಂಘದವರು ಹೇಳುತ್ತಾರೆ.

ಜಾಲಿ: (ಬಹಳ ಹೊತ್ತು ನಕ್ಕರು. ಕೆಲವು ಕಾಯಿ ಉದುರಿದವು.) ಹೊಸಪೇಟೆಯಾಗೆ ನಿಂತು ನೀರಿಲ್ಲ ಅಂತೀಯಾ? 1953ರಿಂದ ಅಲ್ಲಿ ಡ್ಯಾಮು ನಿಂತೈತೆ. ಅದರಕಿಂತ ನೂರಾರು ವರ್ಷ ಮುಂಚಿನ ತುರ್ತು ಕಾಲುವೆ ಹಂಪಿಯಾಗೆ ಇವತ್ತೂ ಬಾಳೆ ತೋಟಕ್ಕೆ ಹರೀತೈತೆ. ಅದನ್ನ ಕಟ್ಟಿದೋರು ಉದ್ಘಾಟನೆ ಫಲಕ ಹಾಕೋಕೆ ಮರೆತ್ರು ಅನ್ಸುತ್ತೆ, ಅದಕ್ಕೇ ಇಷ್ಟು ದಿನ ಬಾಳಿತು. ಇನ್ನೊಂದು ತಮಾಷೆ ಕೇಳು. ಡ್ಯಾಮಿಗೆ ಗೇಟು ಮಾಡೋ ಸರ್ಕಾರಿ ಕಾರ್ಖಾನೆ ಇದೇ ಊರಾಗಿತ್ತು, ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್. ನಷ್ಟ ಅಂತ ಮುಚ್ಚೋಕೆ 2015ರಾಗೆ ದಿಲ್ಲಿಯಾಗೆ ಒಪ್ಪಿದ್ರು. 2024ರ ಆಗಸ್ಟ್ 10ರ ರಾತ್ರಿ ಅದೇ ಊರಿನ ಡ್ಯಾಮಿನ 19ನೇ ಗೇಟು ಚೈನು ಕಳಚಿ ಕೊಚ್ಚಿಕೊಂಡು ಹೋಯ್ತು. ತುಂಬಿದ ಡ್ಯಾಮು ಬರಿದು ಮಾಡ್ತಾ ಕೂತ್ರು. ನಿಮ್ಮ ಕಂಪ್ಲಿ ಸೇತುವೆ ಹೊಳೆ ಬಂದಾಗ ಮುಳುಗೋದು ವಾಡಿಕೆ ಅನ್ನು, ಆದ್ರೂ ಆ ವಾರ ಕೆಳಗಿನ ಊರಿನೋರ ಎದೆ ಕೇಳ್ಬೇಕಿತ್ತು. ಇಷ್ಟು ನೀರು, ಇಷ್ಟು ಕಬ್ಬಿಣ, ಇಷ್ಟು ಬುದ್ಧಿ ಇದ್ದ ಊರಿಗೆ ಒಂದು ಮೆಂತ್ಯದ ಮಡಿಗೆ ಪೈಪು ಎಳೆಯೋಕೆ ಆಗಂಗಿಲ್ಲ ಅಂದ್ರೆ ಕೊರತೆ ನೀರಿಂದಲ್ಲ.

ಪ್ರ: ಊರ ನಡುವೆ ಬೆಳೆ ಬೆಳೆಯುವುದು ಬೆಂಗಳೂರಿನವರ ಹೊಸ ಖಯಾಲಿ ಎಂಬ ಮಾತೂ ಇದೆ.

ಜಾಲಿ: ಹೊಸದಾ? ತಮ್ಮಾ, ನೀ ಹಂಪಿ ಪಕ್ಕದೋನು. 1443ರಾಗೆ ಪರ್ಷಿಯಾದಿಂದ ಅಬ್ದುಲ್ ರಜಾಕ್ ಬಂದಿದ್ದ. ವಿಜಯನಗರಕ್ಕೆ ಏಳು ಸುತ್ತು ಕೋಟೆ ಕಂಡ. ಮೊದಲಿನ ಮೂರು ಸುತ್ತಿನ ನಡುವೆ ಏನಿತ್ತು ಅಂತ ಬರ್ದಾನೆ? ಹೊಲ, ಮನೆ, ತೋಟ. ಪೇಟೆ ತುಂಬ ಗುಲಾಬಿ ಮಾರೋದು ಕಂಡು, ಈ ಜನಕ್ಕೆ ಅನ್ನದಷ್ಟೇ ಗುಲಾಬಿಯೂ ಬೇಕು ಅಂತ ಬೆರಗಾದ. ಅದಾಗಿ ಮುಕ್ಕಾಲು ನೂರು ವರ್ಷಕ್ಕೆ ಪೋರ್ಚುಗೀಸರ ಪಾಯೆಸ್ ಬಂದ. ಅವನೂ ಮನೆ ಹಿತ್ತಲಿನ ತೋಟ, ಊರ ಒಳಗೆ ಹರಿಯೋ ಕಾಲುವೆ ಇದನ್ನೇ ಬರ್ದ. ಮುತ್ತಿಗೆ ಬಿದ್ರೆ ಊರು ಉಪವಾಸ ಬೀಳಬಾರ್ದು ಅನ್ನೋ ಬುದ್ಧಿ ಅದು. ಈಗ ಹಂಪಿಯಾಗೆ ನನ್ನ ಕಿತ್ತು ಕಮಲ ಮಹಲಿನ ಸುತ್ತ ಹುಲ್ಲುಹಾಸು ಹಾಕ್ಯಾರೆ. ಕೃಷ್ಣದೇವರಾಯ ಬಂದು ನೋಡಿದ್ರೆ, ಇದು ಯಾವ ಬೆಳೆ, ಎಷ್ಟು ಕಂದಾಯ ಬರ್ತೈತೆ ಅಂತ ಕೇಳ್ತಿದ್ದ.

ಹುಲ್ಲುಹಾಸಿಗೆ ಏನು ಮಾಡ್ಬೇಕು ಅಂತ ತೋರ್ಸಿದೋರು ಲಾಲ್ ಬಹದ್ದೂರ್ ಶಾಸ್ತ್ರಿ. 1965ರಾಗೆ ದೇಶಕ್ಕೆ ಕಾಳು ಸಾಲದಾದಾಗ ದಿಲ್ಲಿಯ ಪ್ರಧಾನಿ ಮನೆ ಅಂಗಳ ಉತ್ರು. ಎತ್ತು ಹೂಡಿದ್ರು ತಮ್ಮಾ, ಪ್ರಧಾನಿ ಮನೆ ಮುಂದೆ! ಇವತ್ತು ಲೇಔಟಿನ ಸಭೆಯಾಗೆ ಆ ಮಾತು ಎತ್ತು ನೋಡು, ಪ್ಲಾಟಿನ ರೇಟು ಬೀಳ್ತೈತೆ ಅಂತಾರೆ.

ಪ್ರ: ಬೆಂಗಳೂರಿನವರ ಬಗ್ಗೆ ನಿಮಗೆ ಅಷ್ಟು ಒಲವಿಲ್ಲ ಅನಿಸುತ್ತದೆ.

ಜಾಲಿ: ಹಂಗೇನಿಲ್ಲ. ಗಾರ್ಡನ್ ಸಿಟಿ ಫಾರ್ಮರ್ಸ್ ಅನ್ನೋರು 2011ರಿಂದ ‘ಊಟ ಫ್ರಮ್ ಯುವರ್ ತೋಟ’ ಅಂತ ಸಂತೆ ಮಾಡ್ತಾ ಬಂದಾರೆ. ಕೃಷಿ ವಿಶ್ವವಿದ್ಯಾಲಯದಾಗೆ ಪಾಠ ಮಾಡಿದ ಡಾ. ಬಿ.ಎನ್. ವಿಶ್ವನಾಥ್ ಅವರು ಮನೆ ಮಾಳಿಗೆ ಮ್ಯಾಲೆ ಬದನೆ ಬಿಡಿಸೋದು ಎಷ್ಟೋ ಜನಕ್ಕೆ ಕಲಿಸಿದ್ರು. ಒಳ್ಳೇ ಕೆಲ್ಸ. ಆದ್ರೆ ಯೋಚ್ನೆ ಮಾಡು, ಮಾಳಿಗೆಗೆ ಯಾಕೆ ಹೋದ್ರು? ನೆಲದ ಮ್ಯಾಲೆ ಸೊಪ್ಪಿಗೆ ಜಾಗ ಉಳೀಲಿಲ್ಲ. ಮಾಳಿಗೆ ಇರೋರು ಮಾಳಿಗೆ ಮ್ಯಾಲೆ ಬೆಳೀತಾರೆ. ತಗಡಿನ ಶೆಡ್ಡಿನಾಗೆ ಇರೋರು ಎಲ್ಲಿ ಬೆಳೀಬೇಕು? ಅವರಿಗೆ ಬೇಕಾಗಿರೋದು ಇಂಥ ಮೂಲೆ. ಹೊರದೇಶದ ನಮ್ಮ ನೆಂಟರು ಹೇಳೋದೂ ಇದನ್ನೇ. 1991ರಾಗೆ ಸೋವಿಯತ್ ಬಿದ್ದು ಪೆಟ್ರೋಲು, ಗೊಬ್ಬರ ನಿಂತಾಗ ಕ್ಯೂಬಾದ ಹವಾನಾದಾಗೆ ಖಾಲಿ ಸೈಟು, ಕಸದ ಗುಂಡಿ ಎಲ್ಲ ತರಕಾರಿ ಮಡಿ ಮಾಡಿದ್ರು. ನೆಲ ಉಳುಮೆಗೆ ಬಿಟ್ಟುಕೊಟ್ಟಿದ್ದು ಸರ್ಕಾರ, ಹಸಿವು ಕಾಲಿಗೆ ಸುತ್ತಿಕೊಂಡಿತ್ತು. ನ್ಯೂಯಾರ್ಕಿನಾಗೆ ಬೇರೆ ಥರ. 1973ರಾಗೆ ಲಿಜ್ ಕ್ರಿಸ್ಟಿ ಅನ್ನೋ ಹೆಣ್ಮಗಳು ಗೆಳೆಯರ ಜೊತೆ ಪಾಳು ಸೈಟಿಗೆ ನುಗ್ಗಿ ತೋಟ ಮಾಡಿದ್ಲು. ಅದನ್ನ ನೋಡಿ ನೂರಾರು ಆದ್ವು. ತೋಟ ಆಗಿ ಬೀದಿ ಚಂದ ಆದ ಮ್ಯಾಲೆ ಜಾಗಕ್ಕೆ ಬೆಲೆ ಬಂತು. ಬೆಲೆ ಬಂದ ಮ್ಯಾಲೆ 1999ರಾಗೆ ನಗರದೋರು ನೂರಕ್ಕೂ ಹೆಚ್ಚು ತೋಟ ಹರಾಜಿಗಿಟ್ರು! ಜನ ಗಲಾಟೆ ಮಾಡಿ, ದುಡ್ಡು ಕೂಡ್ಸಿ ಕೊಂಡು ಉಳಿಸ್ಕೊಂಡ್ರು. ತೋಟಕ್ಕೆ ದೊಡ್ಡ ಶತ್ರು ಯಾರು ಅಂತ ಕೇಳಿದ್ರೆ ನನ್ನ ಹೆಸರು ಹೇಳ್ತೀರಿ ನೀವು. ನಾ ಬರೀ ಬಾಡಿಗೆದಾರ.

ಪ್ರ: ಹಾಗಾದರೆ ಈ ಜಾಗ ಖಾಲಿ ಉಳಿದಿರುವುದರಿಂದ ಯಾರಿಗೆ ಲಾಭ?

ಜಾಲಿ: ನಿಧಾನಕ್ಕೆ ಬರ್ಕೊ. ಮನೆ ಕಟ್ಟೋನಿಗೆ ಲಾಭ, ಒಡೆದ ಗೋಡೆ ಸುರಿಯೋಕೆ ದೂರ ಹೋಗೋದು ತಪ್ತೈತೆ. ಕೋಳಿ ಅಂಗಡಿಯೋನಿಗೆ ಲಾಭ, ಪುಕ್ಕ ಚೀಲದಾಗೆ ಕಟ್ಟಿ ನನ್ನ ಬುಡಕ್ಕೆ ಎಸೀತಾನೆ. ಪಕ್ಕದ ಸೈಟಿನೋನು ವರ್ಷಕ್ಕೆ ಒಂದು ಗೇಣು ಕಾಂಪೌಂಡು ಈಚೆ ತರ್ತಾನೆ, ಮುಳ್ಳಿನ ಮರೆಯಾಗೆ ಅಳತೆ ಕಾಣಂಗಿಲ್ಲ. ಪ್ರತಿ ಚುನಾವಣೆಗೂ ‘ಇಲ್ಲಿ ಸುಸಜ್ಜಿತ ಉದ್ಯಾನ’ ಅಂತ ಒಂದು ಭರವಸೆ ಹುಟ್ತೈತೆ. ಉದ್ಯಾನ ಆಗಿಬಿಟ್ರೆ ಮುಂದಿನ ಸಲ ಏನು ಹೇಳ್ಬೇಕು? 2011ರ ಜುಲೈನಾಗೆ ಸುಪ್ರೀಂ ಕೋರ್ಟು ಬಳ್ಳಾರಿ ಗಣಿಗಾರಿಕೆ ನಿಲ್ಲಿಸ್ದಾಗ ಸಂಡೂರು ರಸ್ತೆಯಾಗೆ ಅದಿರಿನ ಲಾರಿ ನಿಲ್ಲಿಸ್ತಿದ್ದ ಅಂಗಳ ಖಾಲಿ ಆದ್ವು. ಮಾರನೇ ಮಳೆಗೇ ನಾ ಅಲ್ಲಿ ಹಾಜರು. ನಂಗೆ ಯಾರೂ ಅಡ್ಡ ಬರ್ಲಿಲ್ಲ. ಯಾಕೆ? ನಾ ನಿಂತಿದ್ರೆ ಜಾಗ ‘ಪಾಳು’ ಅನ್ನಿಸ್ಕೊಳ್ತೈತೆ. ಪಾಳು ಅಂದ್ರೆ ಯಾರೂ ಕೇಳಂಗಿಲ್ಲ. ಬೆಲೆ ಬರೋ ತನಕ ಕಾಯೋಕೆ ಸಂಬಳ ಇಲ್ಲದ ವಾಚ್‌ಮನ್ ನಾನು. ಉದ್ಯಾನ, ಮೈದಾನ, ಬಯಲು ಜಾಗ ಕಾಯೋಕೆ 1985ರಾಗೇ ಈ ರಾಜ್ಯದಾಗೆ ಕಾಯ್ದೆ ಬಂದೈತೆ. ಕಾಯ್ದೆಗೆ ಮುಳ್ಳಿಲ್ಲ, ಅದೊಂದು ಕೊರತೆ.

ಪ್ರ: ಸಂಘದವರು ಅರ್ಜಿ ಕೊಟ್ಟಿದ್ದಾರಲ್ಲ? ಅದು ಎಲ್ಲಿಗೆ ಬಂತು?

ಜಾಲಿ: ನನ್ನ ಕೆಳಗೆ ಕೂತು ಮಾತಾಡ್ತಿದ್ರು, ಕೇಳಿಸ್ಕೊಂಡೀನಿ. ಸೊಪ್ಪು, ತರಕಾರಿ ಅಂದ್ರೆ ತೋಟಗಾರಿಕೆ ಇಲಾಖೆ. ಬದುವಿಗೆ ನಾಲ್ಕು ಸಾಲು ಜೋಳ ಹಾಕ್ತೀವಿ ಅಂದ್ರು, ಅದು ಕೃಷಿ ಇಲಾಖೆ. ಅಂಚಿಗೆ ಬೇವು ಅಂದ್ರು, ಅರಣ್ಯ. ಯಾರೋ ಒಬ್ಬ ಹಿಪ್ಪುನೇರಳೆ ಅಂದ, ರೇಷ್ಮೆ ಇಲಾಖೆಗೂ ಒಂದು ಪ್ರತಿ. ಜಾಗ ಇನ್ನೊಬ್ರದ್ದು, ನಕ್ಷೆ ಮತ್ತೊಬ್ರದ್ದು. ಆಮೇಲೆ ಒಂದು ಮೇಜಿನಿಂದ ತಕರಾರು ಬಂತಂತೆ: ‘ಉದ್ಯಾನ’ ಅಂದ್ರೆ ಹೂವು, ಬೆಂಚು, ವಾಕಿಂಗ್ ಪಾಥ್. ಪುಂಡಿ ಸೊಪ್ಪು ಹೂವಾ? ಅದಕ್ಕೂ ಹೂ ಬಿಡ್ತೈತೆ ಅಂತ ಇವರು ಉತ್ತರ ಬರ್ದು ಕೂತಾರೆ. ನಂಗೆ ಮಾತ್ರ ಯಾವ ಇಲಾಖೆಯೂ ಇಲ್ಲ. ಅದಕ್ಕೇ ಇಷ್ಟು ಚೆನ್ನಾಗಿ ಬೆಳೆದೀನಿ.

ಪ್ರ: ಸಂಘದೊಳಗಾದರೂ ಒಮ್ಮತ ಇದೆಯೇ?

ಜಾಲಿ: ತೋಟ ಬೇಕು ಅನ್ನೋದ್ರಾಗೆ ಐತೆ. ನೆಲ ಅಗಿಯೋದು ಯಾರು ಅನ್ನೋದ್ರಾಗೆ ಇಲ್ಲ. ಒಬ್ಬರಿಗೆ ಯೋಗಕ್ಕೆ ಕಟ್ಟೆ ಬೇಕು, ಒಬ್ಬರಿಗೆ ಗಣಪತಿ ಕೂರ್ಸೋಕೆ ಜಾಗ, ಒಬ್ಬರಿಗೆ ಕಾರು ನಿಲ್ಲಿಸೋಕೆ. ಸದಸ್ಯತ್ವ ಪ್ಲಾಟಿನ ಮಾಲೀಕರಿಗೆ ಮಾತ್ರ. ಮಾಲೀಕರೆಲ್ಲ ಹೊಲ ಮಾರಿ ಬಂದೋರು, ಇಲ್ಲ ಹೊಲ ಬಿಟ್ಟು ಬಂದೋರ ಮಕ್ಕಳು. ಸನಿಕೆ ಹಿಡಿದ್ರೆ ಮತ್ತೆ ಹಳ್ಳಿಗೆ ಹೋದಂಗೆ ಆಗ್ತೈತೆ ಅಂತ ಒಳಗೊಳಗೆ ಭಯ. ಅದಕ್ಕೇ ಮಾಲಿ ಇಡೋಣ ಅಂದ್ರು. ಮಾಲಿ ಸಂಬಳಕ್ಕೆ ಚಂದಾ ಅಂದ ಕೂಡ್ಲೇ ಅರ್ಧ ಸಭೆ ಎದ್ದು ಹೋಯ್ತು.

ಪ್ರ: ಒಟ್ಟಿನಲ್ಲಿ ನಿಮಗೆ ಯಾರ ಭಯವೂ ಇಲ್ಲ.

ಜಾಲಿ: ಹಂಗನ್ಬೇಡ. ಒಬ್ಬಾಕಿ ಅದಾಳೆ. ಅಗೋ, ಆ ಕಟ್ಟಡದ ಪಕ್ಕ ತಗಡಿನ ಶೆಡ್ಡು. ಗಂಡ ಅಲ್ಲಿ ವಾಚ್‌ಮನ್. ನಿಮ್ಮ ಎಮ್ಮಿಗನೂರು ಕಡೆಯಾಕೆನೇ, ನಾಟಿ ಕೆಲ್ಸ ಮಾಡಿದ ಕೈ. ಶೆಡ್ಡಿನ ಮಗ್ಗಲಾಗೆ ಮಂಚದಷ್ಟು ಜಾಗ ಐತೆ. ಪಾತ್ರೆ ತೊಳೆದ ನೀರು ಅಲ್ಲಿಗೇ ಹೋಗೋ ಹಂಗೆ ಮಣ್ಣಾಗೆ ಬೆರಳಲ್ಲಿ ಒಂದು ಕಾಲುವೆ ಎಳೆದಾಳೆ. ಪುಂಡಿ ಹಾಕ್ಯಾಳೆ, ಅದರ ನಡುವೆ ಕೊತ್ತಂಬರಿ, ತಗಡಿನ ಮ್ಯಾಲೆ ಹೀರೆ ಬಳ್ಳಿ. ಟೈಲ್ಸ್ ಚೂರು ಆರಿಸಿ ಸುತ್ತ ಬದು ಮಾಡ್ಯಾಳೆ, ಅದು ಕೂಡ ಚಂದ ಕಾಣ್ತೈತೆ. ದಿನಾ ಮುಂಜಾನೆ ಕುರ್ಪಿ ಹಿಡ್ಕೊಂಡು ಕುಕ್ಕರಗಾಲಲ್ಲಿ ಕೂರ್ತಾಳೆ. ನನ್ನ ಮಕ್ಕಳು ಎರಡೆಲೆ ಬಿಟ್ಟಿರ್ತಾವೆ, ಅಷ್ಟ್ರಾಗೇ ಬೇರು ಸಮೇತ ಎಬ್ಬಿಸಿ ಹೊರಗೆ ಎಸೀತಾಳೆ. ಭಾಷಣ ಇಲ್ಲ, ಬೈಗುಳ ಇಲ್ಲ. ಜೆಸಿಬಿ ವರ್ಷಕ್ಕೊಮ್ಮೆ ಬರ್ತೈತೆ, ಈಕೆ ದಿನಾ ಬರ್ತಾಳೆ. ಆ ಮಂಚದಷ್ಟು ಜಾಗದಾಗೆ ನನ್ನ ವಂಶ ಇಲ್ಲ ಇವತ್ತಿಗೆ.

ಪ್ರ: ಅವರನ್ನು ಸಂಘಕ್ಕೆ ಸೇರಿಸಿಕೊಳ್ಳಬಹುದಲ್ಲ?

ಜಾಲಿ: ಪ್ಲಾಟ್ ನಂಬರ್ ಎಷ್ಟು ಅಂತ ಕೇಳ್ತಾರೆ. ಆಧಾರಿನಾಗೆ ವಿಳಾಸ ಎಮ್ಮಿಗನೂರು ಐತೆ ಅಂತಾರೆ. ಕಟ್ಟಡ ಮುಗಿದ ಮ್ಯಾಲೆ ಬೇರೆ ಕಡೆ ಹೋಗ್ತಾಳೆ, ಯಾಕೆ ಸುಮ್ನೆ ಅಂತಾರೆ. ಅವಳನ್ನ ನೋಡಿ ಒಬ್ಬ ಪದಾಧಿಕಾರಿ, ‘ಈಕೆ ಒತ್ತುವರಿ ಶುರು ಮಾಡ್ಯಾಳೆ, ಈಗಲೇ ತಡೀಬೇಕು’ ಅಂದ. ನಾನು ಇಲ್ಲಿ ಮುಳ್ಳು ಹರಡಿಕೊಂಡು ನಿಂತೀನಿ, ನನ್ನ ನೆಳ್ಳಾಗೇ ನಿಂತು ಆ ಮಾತು ಅಂದ!

ಪ್ರ: ಸರಿ, ಅಂಥ ನಾಲ್ಕು ಹೆಂಗಸರಿಗೆ ಈ ಜಾಗವನ್ನು ಹತ್ತು ವರ್ಷಕ್ಕೆ ಕಾಗದದ ಮೇಲೆ ಬರೆದುಕೊಟ್ಟರೆ?

ಜಾಲಿ: ಮೊದಲ ಮಳೆಗಾಲಕ್ಕೆ ನಾ ಅರ್ಧ ಹೋದೆ, ಎರಡನೇದಕ್ಕೆ ಪೂರ್ತಿ ಹೋದೆ. ಹೋಗೋವಾಗ ಒಂದು ಉಪಕಾರ ಮಾಡಿ ಹೋಗ್ತೀನಿ, ಬರ್ಕೊ. ನಂದೂ ತೊಗರಿ ಜಾತಿಯ ಬೇರು, ಗಾಳಿಯಾಗಿನ ಸಾರಜನಕ ಹಿಡಿದು ಮಣ್ಣಿಗೆ ಹಾಕೀನಿ. ನನ್ನ ಕೊಂಬೆ ಸುತ್ತ ಬೇಲಿ ಮಾಡ್ಕೊಂಡ್ರೆ ಆಡೂ ಬರಂಗಿಲ್ಲ. ಉಳಿದಿದ್ದು ಇದ್ದಿಲು ಸುಡ್ಲಿ.

ಪ್ರ: ಹಾಗಾದರೆ ಹೊರಡಲು ಸಿದ್ಧತೆ ನಡೆದಿದೆ ಎನ್ನಿ.

ಜಾಲಿ: ಯಾಕೆ? ಸರ್ಕಾರಿ ಜಾಗದಾಗೆ ಮೂವತ್ತು ವರ್ಷ ಯಾರ ಅಡ್ಡಿಯೂ ಇಲ್ಲದೆ ಸ್ವಾಧೀನದಾಗೆ ಇದ್ರೆ ಹಕ್ಕು ಕೇಳಬಹುದಂತೆ, ಅವತ್ತು ನೆಳ್ಳಿಗೆ ಬಂದು ಕೂತಿದ್ದ ವಕೀಲರು ಯಾರಿಗೋ ಫೋನಾಗೆ ಹೇಳ್ತಿದ್ರು. ಇಪ್ಪತ್ತು ಆಗೈತೆ ನಂಗೆ. ಆ ಹೆಣ್ಮಗಳ ಕಾಗದ ಮೇಜು ಮೇಜು ತಿರುಗಿ ಬರೋದ್ರೊಳಗೆ ನಂಗೇ ಖಾತೆ ಆಗ್ತೈತೆ ತಮ್ಮಾ. ನಿಂಗೆ ನಾಡಕಚೇರಿಯಾಗೆ ಪರಿಚಯದೋರು ಯಾರಾದ್ರೂ ಅದಾರೇನು?